ಗಾಜಿನ ಕಡಲಿಗೆ ಪಾಚಿ ಹಿಡಿದಾಗ

ಯರಗೇರಾದ ಜನಕ್ಕೆ ಪಾಚಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಊರಿನ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ನದಿಗಳ ನಡುವಿನ ನಾಡಾದರೂ ಮನೆಮನೆಯಲ್ಲಿ ನೀರು ಕೂಡಿಡುವುದು ತಪ್ಪಿಲ್ಲ. ಸಿಮೆಂಟಿನ ತೊಟ್ಟಿ, ಪ್ಲಾಸ್ಟಿಕ್ ಡ್ರಮ್ಮು, ದನಕ್ಕೆ ನೀರಿಡುವ ಬಾನಿ. ಎಲ್ಲಿ ನೀರು ನಿಂತು ಬಿಸಿಲು ಬಿತ್ತೋ ಅಲ್ಲಿ ಎಂಟು ದಿನದಲ್ಲಿ ಹಸಿರು. ತೆಂಗಿನ ನಾರಿನಿಂದ ತಿಕ್ಕುವುದು, ಚೆಲ್ಲುವುದು, ಮತ್ತೆ ತುಂಬುವುದು. ಪಾಚಿಯೆಂದರೆ ತಿಕ್ಕಿ ತೆಗೆಯಬೇಕಾದ ಕೊಳೆ, ಅಷ್ಟೇ. ಕೊಳೆಗೆ ಹೆಸರೇಕೆ, ಕುಲಗೋತ್ರವೇಕೆ?

ಹೆಸರು ಕೇಳದೆ ತಿಕ್ಕಿದರೆ ಏನಾಗುತ್ತದೆ ಎಂಬುದನ್ನು ಅದೇ ಊರಿನ ಒಂದು ಮನೆ ಸ್ವಲ್ಪ ದುಬಾರಿ ಬೆಲೆ ಕೊಟ್ಟು ಕಲಿತಿತು. ಆ ಮನೆಯಲ್ಲಿದ್ದದ್ದು ಅರವತ್ತು ಲೀಟರಿನ ಒಂದು ಸಮುದ್ರ.

ಮನೆಯ ಯಜಮಾನರದು ಗೊಬ್ಬರದ ಅಂಗಡಿ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಾಗ ಸೈಕಲ್ ಕೊಡಿಸುತ್ತೇನೆಂದು ಅಪ್ಪ ಹೇಳಿದರು. ಆಕೆ ಕೇಳಿದ್ದು ಉಪ್ಪುನೀರಿನ ಅಕ್ವೇರಿಯಂ. ಶಾಲೆಯ ಪ್ರವಾಸದಲ್ಲಿ ಮುರ್ಡೇಶ್ವರಕ್ಕೆ ಹೋಗಿ, ಎದುರಿಗೆ ಕಾಣುವ ನೇತ್ರಾಣಿ ದ್ವೀಪದ ಬುಡದಲ್ಲಿ ಹವಳದ ಬಂಡೆಗಳಿವೆ ಎಂದು ಕೇಳಿ ಬಂದಾಗಿನಿಂದ ಹುಡುಗಿಗೆ ಅದೇ ಗುಂಗು. "ಸೈಕಲ್ ಕೊಡಸ್ತೀನಿ ಅಂದ್ರ ಸಮುದ್ರ ಕೇಳ್ತಾಳ" ಎಂದು ಅಪ್ಪ ಅಂಗಡಿಗೆ ಬಂದವರ ಮುಂದೆಲ್ಲ ಹೇಳಿಕೊಂಡು ನಕ್ಕರು. ಕೊನೆಗೆ ಕೊಡಿಸಿಯೂ ಕೊಡಿಸಿದರು.

ಯರಗೇರಾದಿಂದ ಯಾವ ಕಡೆಗೆ ಹೊರಟರೂ ಸಮುದ್ರ ನೂರಾರು ಕಿಲೋಮೀಟರು ದೂರ. ಆದ್ದರಿಂದ ಸಮುದ್ರವನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕು. ಲೀಟರಿಗೆ 35 ಗ್ರಾಂ ಉಪ್ಪಿನಂತೆ ಅರವತ್ತು ಲೀಟರಿಗೆ ಎರಡು ಕಿಲೋ ನೂರು ಗ್ರಾಂ. ಅಡುಗೆ ಉಪ್ಪು ನಡೆಯದು. ಕ್ಯಾಲ್ಸಿಯಂ, ಮೆಗ್ನೀಷಿಯಂ ಮೊದಲಾದವನ್ನು ಸಮುದ್ರದ ಪ್ರಮಾಣದಲ್ಲಿಯೇ ಬೆರೆಸಿದ ಉಪ್ಪು ಪ್ಯಾಕೆಟಿನಲ್ಲಿ ಬರುತ್ತದೆ. ಕೊಳವೆಬಾವಿಯ ನೀರೂ ನಡೆಯದು. ಈ ಸೀಮೆಯ ನೀರಿನಲ್ಲಿ ಗಡಸುತನ, ಫ್ಲೋರೈಡು, ನೈಟ್ರೇಟು ಎಲ್ಲ ಸೇರಿರುತ್ತವೆ. ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕವೇ ಹುಡುಗಿಗೆ ಆಧಾರವಾಯಿತು. ನೀರಿನಲ್ಲಿ ಕರಗಿದ ಲವಣ ತೋರಿಸುವ ಮೀಟರನ್ನು ಅದ್ದಿದರೆ ಬಾವಿಯ ನೀರಿಗೆ ನಾಲ್ಕಂಕಿ, ಘಟಕದ ನೀರಿಗೆ ಎರಡಂಕಿ.

ಮೊಟ್ಟೆಕೇಂದ್ರದಲ್ಲಿ ಹುಟ್ಟಿಬೆಳೆದ ಎರಡು ಕೋಡಂಗಿ ಮೀನು, ನಾಲ್ಕು ಬಸವನಹುಳು, ಸೆರಾಮಿಕ್‌ನಲ್ಲಿ ಮಾಡಿದ ಬಂಡೆಗಳು ಬಂದವು. ಹವಳ ಬರಲಿಲ್ಲ. ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳ, ಸಮುದ್ರಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿಯಲ್ಲಿಯೇ ಅವೂ ಇವೆ. ಸಮುದ್ರದಿಂದ ಕಿತ್ತು ತಂದ ಹವಳವನ್ನು ಗುಟ್ಟಾಗಿ ಮಾರುವವರುಂಟು, ಕೊಳ್ಳುವುದೂ ಅಪರಾಧವೇ. ಅಲಂಕಾರಕ್ಕಾಗಿ ಮೀನು ಸಾಕುವ ಮಕ್ಕಳೂ ಅವರ ತಂದೆತಾಯಿಗಳೂ ಇದನ್ನು ಮೊದಲೇ ತಿಳಿದಿರಬೇಕು.

ಮೂರನೆಯ ವಾರ ಮರಳಿನ ಮೇಲೆ ಕಂದು ಧೂಳು ಕಾಣಿಸಿತು. ಬೆರಳಾಡಿಸಿದರೆ ಹೊಗೆಯಂತೆ ಹಾರುತ್ತಿತ್ತು. ಇದು ಡಯಾಟಮ್. ಮರಳಿನಲ್ಲಿರುವ ಸಿಲಿಕಾದಿಂದಲೇ ತನ್ನ ಮೈಗೆ ಗಾಜಿನ ಚಿಪ್ಪು ಕಟ್ಟಿಕೊಳ್ಳುವ ಸೂಕ್ಷ್ಮಜೀವಿ. ಹೊಸ ತೊಟ್ಟಿಗೆ ಮೊದಲು ಬರುವ ಅತಿಥಿ. ನೀರಿನ ಸಿಲಿಕಾ ಮುಗಿಯುತ್ತಲೇ ಹೊರಟುಹೋಗುತ್ತದೆ. ಹೋಯಿತು. ಯಾರೂ ಏನೂ ಮಾಡಬೇಕಾಗಲಿಲ್ಲ.

ನಿಜವಾದ ಕಷ್ಟ ಬೇಸಿಗೆಯಲ್ಲಿ ಬಂತು. ರಾಯಚೂರಿನ ಏಪ್ರಿಲ್ ಎಂದರೆ ಹೊರಗೆ ನಲವತ್ತೆರಡು, ನಲವತ್ತಮೂರು ಡಿಗ್ರಿ. ಮೀನಿಗೆ ಬೇಕಾದದ್ದು ಇಪ್ಪತ್ತಾರರ ಆಸುಪಾಸು. ತೊಟ್ಟಿಯ ಮೇಲೆ ಒಂದು ಸಣ್ಣ ಫ್ಯಾನು ಕಟ್ಟಿದರು. ಒಣಗಾಳಿಯಲ್ಲಿ ನೀರು ಬೇಗ ಆವಿಯಾಗಿ ತೊಟ್ಟಿ ತಂಪಾಗುತ್ತದೆ, ಮಡಕೆಯ ನೀರಿನಂತೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲ. ಕಡಿಮೆಯಾದಷ್ಟು ಸಿಹಿನೀರು ಸುರಿಯುತ್ತಲೇ ಇರಬೇಕು. ಶುದ್ಧ ನೀರಿನ ಘಟಕ ಕೆಟ್ಟು ನಿಂತ ದಿನಗಳಲ್ಲಿ ಬಾವಿಯ ನೀರನ್ನೇ ಸುರಿದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಸಿಂಧನೂರು ಮಾನ್ವಿಯ ಕಡೆ, ಅತಿಯಾಗಿ ನೀರುಂಡ ಹೊಲಗಳು ಸವಳಾದದ್ದು ಹೇಗೆಂದು ರೈತರಿಗೆ ಗೊತ್ತು: ನೀರು ಹಾರಿಹೋಯಿತು, ಲವಣ ಉಳಿಯಿತು. ತೊಟ್ಟಿಯಲ್ಲಿ ಆದದ್ದೂ ಅದೇ. ಅದರ ಜೊತೆಗೆ ಅಜ್ಜಿಯ ಅಂತಃಕರಣ ಬೇರೆ. ದಿನಕ್ಕೆ ಒಂದು ಸಲ ಹಾಕಬೇಕಾದ ಮೀನಿನ ಆಹಾರವನ್ನು ಆಕೆ, "ಪಾಪ, ಬಾಯಿ ತಗೀಲಿಕ್ಕತ್ತಾವ" ಎಂದು ಮೂರು ಸಲ ಹಾಕುತ್ತಿದ್ದಳು. ಪಡುವಣ ಕಿಟಕಿಯಿಂದ ಸಂಜೆಯ ಬಿಸಿಲು ನೇರ ತೊಟ್ಟಿಗೇ.

ಜೂನ್ ಬರುವ ಹೊತ್ತಿಗೆ ಬಂಡೆಗಳಿಗೆಲ್ಲ ಹಸಿರು ಕೂದಲು. ಮರಳಿನ ಮೇಲೆ ಕುಂಕುಮದ ನೀರು ಚೆಲ್ಲಿದಂತೆ ಕೆಂಪು ಲೋಳೆ.

ಕೂದಲು ಪಾಚಿ ನಿಜವಾದ ಪಾಚಿ, ಎಳೆಎಳೆಯಾಗಿ ಬಿಡಿಸಬಹುದು. ಕೆಂಪು ಲೋಳೆ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾ. ನೀಲಿ-ಹಸಿರು ಪಾಚಿ ಎಂದು ಹಳೆಯ ಪಠ್ಯಪುಸ್ತಕಗಳು ಕರೆದದ್ದು ಇದರ ಕುಲವನ್ನೇ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಇದರ ಪೂರ್ವಜರಿಂದ. ಹಾಳೆಯಂತೆ ಎದ್ದು ಬರುತ್ತದೆ, ಹಗಲಿನಲ್ಲಿ ಗುಳ್ಳೆ ಬಿಡುತ್ತದೆ, ನೀರಿನ ಓಟವಿಲ್ಲದ ಮೂಲೆಯಲ್ಲಿ ಕೊಳೆ ಕೂತಲ್ಲಿ ಬೆಳೆಯುತ್ತದೆ. ಇವೆರಡಲ್ಲದೆ ಗಾಜಿನ ಗೋಲಿಯಂತೆ ಹೊಳೆಯುವ ಗುಳ್ಳೆ ಪಾಚಿಯೂ ಒಂದುಂಟು. ವ್ಯಾಲೋನಿಯಾ ಎಂದು ಹೆಸರು. ಆ ಇಡೀ ಗೋಲಿ ಒಂದೇ ಒಂದು ಜೀವಕೋಶ! ಅದನ್ನು ಒಡೆಯದೆ ಬುಡದಿಂದ ಬಿಡಿಸಿ ತೆಗೆಯುವುದು ಒಳ್ಳೆಯದು.

ಗೊಬ್ಬರದ ಅಂಗಡಿಯವರಿಗೆ ಮೊದಲು ಹೊಳೆದ ಮದ್ದು ಮೈಲುತುತ್ತ. ಕೆರೆಯ ಪಾಚಿಗೆ ಹಾಕುತ್ತಾರಲ್ಲ! ಮಗಳು ಬೇಡವೆಂದು ಅಡ್ಡ ನಿಂತಳು. ತಾಮ್ರದ ಅಂಶ ಅತ್ಯಲ್ಪವಿದ್ದರೂ ಬಸವನಹುಳು, ಸೀಗಡಿ, ಹವಳಗಳು ಉಳಿಯುವುದಿಲ್ಲ. ಆಮೇಲೆ ಆಕೆ ಅಪ್ಪನಿಗೆ ಅಪ್ಪನ ಭಾಷೆಯಲ್ಲಿಯೇ ಹೇಳಿದಳು. ಡಿಎಪಿ ಚೀಲದ ಮೇಲೆ 18-46 ಎಂದು ಬರೆದಿರುತ್ತದೆ. ಹದಿನೆಂಟು ಸಾರಜನಕ, ನಲವತ್ತಾರು ರಂಜಕ. ಮೀನಿಗೆ ಹಾಕುವ ಆಹಾರವೂ ಕರಗಿದರೆ ಅದೇ. ಬಾವಿಯ ನೀರಿನ ನೈಟ್ರೇಟೂ ಅದೇ. ತೊಟ್ಟಿಗೆ ದಿನಾ ಮೂರು ಹೊತ್ತು ಗೊಬ್ಬರ ಬೀಳುತ್ತಿದೆ.

"ಹಂಗಾರ ಕಳಿ ಬರ್ಲಾರದ ಏನಾಗ್ತದ?" ಎಂದರು ಅಪ್ಪ. ಅರ್ಥವಾಗಿತ್ತು.

ಉಪಾಯಗಳು ಸರಳ. ಕೈಯಿಂದ ಬಿಡಿಸುವುದು, ಬಿಡಿಸಿದ್ದನ್ನು ಕೊಳವೆಯಿಂದ ಹೀರಿ ಹೊರಹಾಕುವುದು. ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸುವುದು. ಆಹಾರ ದಿನಕ್ಕೊಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟು. ಮೂಲೆಯಲ್ಲಿಯೂ ನೀರು ಓಡುವಂತೆ ಪಂಪು ತಿರುಗಿಸುವುದು. ಕಿಟಕಿಗೆ ಪರದೆ ಹಾಕಿದ್ದು ತಾಯಿ. "ಹರಿವಿ ನೆರಳಾಗ ಇಡ್ತೀವಿ, ಇದನ್ನ್ಯಾಕ ಬಿಸಿಲಾಗ ಇಟ್ಟೀರಿ?" ಎಂದು ಆಕೆ ಮೊದಲ ದಿನವೇ ಕೇಳಿದ್ದಳು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೆಂಪು ಲೋಳೆಗೆ ಆಂಟಿಬಯೋಟಿಕ್ ಮಾತ್ರೆ ಕರಗಿಸಿ ಹಾಕುವವರುಂಟು. ಲೋಳೆ ಸಾಯುತ್ತದೆ ನಿಜ. ಜೊತೆಗೆ ಮೀನಿನ ಹೊಲಸನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳಬಹುದು, ಸತ್ತ ಲೋಳೆ ಕೊಳೆತು ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಅದಕ್ಕೆ ಹೋಗದೆ ಎರಡು ತಿಂಗಳು ಕಾದರು. ತೊಟ್ಟಿ ತಿಳಿಯಾಯಿತು.

ಇಲ್ಲಿಗೇ ಮುಗಿದಿದ್ದರೆ ಕತೆಯಲ್ಲಿ ವಿಶೇಷವಿರಲಿಲ್ಲ. ಗೆದ್ದ ಹುರುಪಿನಲ್ಲಿ ಹುಡುಗಿ ಮತ್ತೂ ಮುಂದೆ ಹೋದಳು. ವಾರಕ್ಕೆ ಹತ್ತರಲ್ಲೊಂದು ಪಾಲು ಬದಲಿಸುವಲ್ಲಿ ಮೂರರಲ್ಲೊಂದು ಪಾಲು. ರಂಜಕ ಹೀರುವ ಔಷಧಿಯ ಪೊಟ್ಟಣ ತರಿಸಿ ಹಾಕಿದಳು. ಬಣ್ಣ ತೋರಿಸುವ ಪರೀಕ್ಷೆಯಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಎರಡು ಸೊನ್ನೆಗಳನ್ನು ನೋಟ್‌ಬುಕ್ಕಿನಲ್ಲಿ ನೂರಕ್ಕೆ ನೂರು ಬಂದಷ್ಟು ಸಂತೋಷದಿಂದ ಬರೆದಿಟ್ಟಳು.

ಹದಿನೈದು ದಿನಕ್ಕೆ ಮರಳಿನ ಮೇಲೆ ಮತ್ತೆ ಕಂದು ಬಣ್ಣ. ಮೊದಲ ಸಲದಂತೆಯೇ ಕಂಡಿತು. ತೊಟ್ಟಿ ಮಾರಿದ ಅಂಗಡಿಯವರನ್ನು ಫೋನಿನಲ್ಲಿ ಕೇಳಿದರೆ, ಡಯಾಟಮ್ಮೇ ಇರಬೇಕು, ನೀರು ಬದಲಿಸಿ ಎಂದರು. ಬದಲಿಸಿದಷ್ಟೂ ಹೆಚ್ಚಿತು. ಈಗ ಅದು ಧೂಳಲ್ಲ, ಗುಳ್ಳೆ ಸಿಕ್ಕಿಕೊಂಡ ಸಿಂಬಳದ ಎಳೆ. ಒಂದು ವಾರದಲ್ಲಿ ಮೂರು ಬಸವನಹುಳು ಸತ್ತವು. ಮೀನುಗಳು ಮೂಲೆ ಹಿಡಿದವು. ಅಷ್ಟರಲ್ಲಿ ದ್ವಿತೀಯ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಅಂಕಗಳೂ ಇಳಿದವು. ಅಪ್ಪ ನಗುವುದನ್ನು ಬಿಟ್ಟು, ದೀಪಾವಳಿಯೊಳಗೆ ಸರಿಯಾಗದಿದ್ದರೆ ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡುವುದೆಂದರು. ಹುಡುಗಿ ಎರಡು ದಿನ ಮಾತಾಡಲಿಲ್ಲ.

ದಾರಿ ತೋರಿಸಿದ್ದು ಕಾಲೇಜಿನ ಪ್ರಯೋಗಾಲಯ. ಜೀವಶಾಸ್ತ್ರದ ಉಪನ್ಯಾಸಕಿ ಹೇಳಿದ್ದು ಒಂದೇ ಮಾತು: "ಒಂದು ಹನಿ ತಗೊಂಡು ಬಾ, ನೋಡೋಣ." ಔಷಧಿ, ಅಂಗಡಿ, ನೀರು ಬದಲಿಸುವುದು ಎಲ್ಲವೂ ಆಗಿತ್ತು, ನೋಡುವುದೊಂದು ಆಗಿರಲಿಲ್ಲ. ನಾನೂರು ಪಟ್ಟು ದೊಡ್ಡದಾಗಿ ತೋರಿಸುವ ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಡಯಾಟಮ್ ಆಗಿದ್ದರೆ ಗಾಜಿನ ದೋಣಿಯಂತೆ ಸುಮ್ಮನೆ ಬಿದ್ದಿರುತ್ತಿತ್ತು, ಇಲ್ಲವೇ ಮೆಲ್ಲನೆ ಜಾರುತ್ತಿತ್ತು. ಇಲ್ಲಿ ಕಂಡವು ಎಳ್ಳಿನ ಕಾಳಿನಂಥ ಕಂದು ಜೀವಿಗಳು, ಗೂಟಕ್ಕೆ ಕಟ್ಟಿದ ಕರುವಿನಂತೆ ಇದ್ದಲ್ಲಿಯೇ ಗಿರಗಿರ ತಿರುಗುತ್ತಿದ್ದವು. ಡೈನೋಫ್ಲಾಜೆಲೇಟ್! ಹವಳದ ಮೈಯೊಳಗೆ ವಾಸವಾಗಿ ಅದಕ್ಕೆ ಅನ್ನ ಹಾಕುವ ಜೀವಿಗಳ ದಾಯಾದಿಗಳು ಇವು. ಇವುಗಳಲ್ಲಿ ಕೆಲವು ಜಾತಿ ಬಸವನಹುಳುಗಳಿಗೆ ವಿಷ.

ಸೂಕ್ಷ್ಮದರ್ಶಕವಿಲ್ಲದವರಿಗೂ ಒಂದು ಪರೀಕ್ಷೆಯುಂಟು. ಆ ಲೋಳೆಯನ್ನು ಸ್ವಲ್ಪ ನೀರಿನೊಂದಿಗೆ ಸೀಸೆಯಲ್ಲಿ ಚೆನ್ನಾಗಿ ಕುಲುಕಿ, ತೆಳು ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಬೇಕು. ತಿಳಿಯಾದ ನೀರಿನಲ್ಲಿ ಎಳೆಗಳು ಮತ್ತೆ ಕೂಡಿಕೊಂಡರೆ ಅದು ಬಹುಮಟ್ಟಿಗೆ ಡೈನೋಫ್ಲಾಜೆಲೇಟ್.

ಹೆಸರು ತಿಳಿದದ್ದೇ ತಡ, ಚಿಕಿತ್ಸೆ ತಲೆಕೆಳಗಾಯಿತು. ತೊಟ್ಟಿಗಳಲ್ಲಿ ಇವು ಮೆರೆಯುವುದು ಹೆಚ್ಚಾಗಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗಿಳಿದಾಗ. ಎದುರಾಳಿಗಳಾದ ಹಸಿರು ಪಾಚಿ, ಬ್ಯಾಕ್ಟೀರಿಯಾಗಳು ಉಪವಾಸ ಬಿದ್ದಾಗ ಇವಕ್ಕೆ ಬಯಲು ಸಿಕ್ಕಂತೆ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಗೊಬ್ಬರ ಹೆಚ್ಚಾದ ಹೊಲಕ್ಕೆ ಕಳೆ ಬರುತ್ತದೆ. ಏನೂ ಬೆಳೆಯದೆ ಬೀಳುಬಿದ್ದ ಹೊಲಕ್ಕೆ ಬಳ್ಳಾರಿ ಜಾಲಿ ಬರುತ್ತದೆ. ಕಳೆಗೆ ಮಾಡಿದ ಉಪಾಯವನ್ನೇ ಜಾಲಿಗೂ ಮಾಡಿದರೆ ಜಾಲಿಯೇ ಗೆಲ್ಲುತ್ತದೆ.

ನೀರು ಬದಲಿಸುವುದು ನಿಂತಿತು. ರಂಜಕ ಹೀರುವ ಪೊಟ್ಟಣ ಹೊರಗೆ ಬಂತು. ಅಜ್ಜಿಗೆ ಮತ್ತೆ ದಿನಕ್ಕೆರಡು ಸಲ ಆಹಾರ ಹಾಕುವ ಅಧಿಕಾರ ಸಿಕ್ಕಿತು. ಮೂರು ದಿನ ತೊಟ್ಟಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿದರು. ಕೆಲವು ಜಾತಿ ರಾತ್ರಿ ಮರಳು ಬಿಟ್ಟು ನೀರಿಗೇರುತ್ತವೆ. ಅಂಥವಕ್ಕಾಗಿ ಅತಿನೇರಳೆ ದೀಪದ ಸಣ್ಣ ಉಪಕರಣವನ್ನು ಎರವಲು ತಂದರು. ಆರು ವಾರ ಹಿಡಿಯಿತು. ಒಂದು ಬೆಳಿಗ್ಗೆ ಮುಂದಿನ ಗಾಜಿನ ಮೇಲೆ ಹಸಿರಿನ ತೆಳುಪೊರೆ ಕಾಣಿಸಿದಾಗ ಹುಡುಗಿ ಅಪ್ಪನನ್ನು ಎಬ್ಬಿಸಿ ತೋರಿಸಿದಳು. ಹಿಂದೆ ಯಾವುದನ್ನು ಕಂಡರೆ ನಾರು ಹಿಡಿದು ಓಡುತ್ತಿದ್ದರೋ ಅದನ್ನೇ ಇಬ್ಬರೂ ನಿಂತು ನೋಡಿದರು. ಉಳಿದಿದ್ದ ಒಂದು ಬಸವನಹುಳು ಅದನ್ನು ಮೇಯುತ್ತಿತ್ತು. ಅಂಕಪಟ್ಟಿಯ ವಿಷಯದಲ್ಲಿಯೂ ಅಪ್ಪ ಮೊದಲು ಕೇಳಿ, ಆಮೇಲೆ ಗದರಿಸುವ ಅಭ್ಯಾಸ ಮಾಡಿಕೊಂಡರೆಂದು ತಾಯಿ ಹೇಳುತ್ತಾಳೆ. ಇಳಿದ ಅಂಕಗಳಿಗೆ ತೊಟ್ಟಿ ಕಾರಣವಾಗಿರಲಿಲ್ಲ. ಹಿಂದಿನ ಬೆಂಚಿನಿಂದ ಕಪ್ಪುಹಲಗೆ ಕಾಣುತ್ತಿರಲಿಲ್ಲ. ಕನ್ನಡಕ ಬಂತು.

ಅರವತ್ತು ಲೀಟರಿನಲ್ಲಿ ನಡೆದದ್ದು ದೊಡ್ಡ ನೀರುಗಳಲ್ಲಿಯೂ ನಡೆದಿದೆ. ಕೆರೆ ಸರೋವರಗಳು ಹಸಿರಾಗುವುದು ಯಾವುದರಿಂದ ಎಂಬ ವಾದ ಜೋರಾಗಿದ್ದ ಕಾಲದಲ್ಲಿ, 1973ರಲ್ಲಿ, ಕೆನಡಾದ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226 ಎಂಬ ಸಂಖ್ಯೆಯ ಸರೋವರವನ್ನು ಪ್ಲಾಸ್ಟಿಕ್ ಪರದೆಯಿಂದ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕ. ರಂಜಕ ಬಿದ್ದ ಪಾಲು ಮಾತ್ರ ಹಚ್ಚಹಸಿರಾಯಿತು. ಬಟ್ಟೆ ಸೋಪಿನ ಪುಡಿಯಲ್ಲಿ ರಂಜಕ ಕಡಿಮೆ ಮಾಡಲು ಹಲವು ದೇಶಗಳನ್ನು ಒಪ್ಪಿಸಿದ್ದರಲ್ಲಿ ಈ ಪ್ರಯೋಗದ ಪಾಲು ದೊಡ್ಡದು.

ಜಮೈಕಾದ ಹವಳದ ಬಂಡೆಗಳಲ್ಲಿ ಕಾರಣವೇ ಬೇರೆ. ಅಲ್ಲಿ ಪಾಚಿ ಮೇಯುವ ಮೀನುಗಳನ್ನು ಜನ ಹಿಡಿದು ಮುಗಿಸಿದ್ದರು. ಮೇಯುವ ಕೆಲಸ ಕಪ್ಪು ಮುಳ್ಳಿನ ಒಂದು ಕಡಲ ಜೀವಿಯ ಮೇಲೆ ಬಿದ್ದಿತ್ತು. 1983ರಲ್ಲಿ ಕೆರಿಬಿಯನ್ ಸಮುದ್ರಕ್ಕೆ ಬಂದ ರೋಗದಿಂದ ಅದು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತಿತು. ಎಪ್ಪತ್ತರ ದಶಕದ ಕೊನೆಗೆ ಅರ್ಧಕ್ಕಿಂತ ಹೆಚ್ಚು ಬಂಡೆಯನ್ನು ಮುಚ್ಚಿದ್ದ ಹವಳ, ತೊಂಬತ್ತರ ದಶಕದ ಆರಂಭಕ್ಕೆ ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಉಳಿದ ಜಾಗವನ್ನೆಲ್ಲ ಪಾಚಿ ಹಿಡಿಯಿತು.

ಇನ್ನೊಂದು ಕತೆ ಅಕ್ವೇರಿಯಂ ಇಟ್ಟವರೆಲ್ಲ ಕೇಳಬೇಕಾದದ್ದು. ತೊಟ್ಟಿಗಳ ಅಲಂಕಾರಕ್ಕೆಂದು ಬೆಳೆಸುತ್ತಿದ್ದ, ಗರಿಯಂತಿರುವ ಕಾಲರ್ಪಾ ಎಂಬ ಹಸಿರು ಪಾಚಿ 1984ರಲ್ಲಿ ಮೊನಾಕೋದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಸಮುದ್ರದಲ್ಲಿ ಕಾಣಿಸಿತು. ನೋಡುತ್ತಿದ್ದಂತೆ ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಹರಡಿತು. 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅದೇ ಪಾಚಿ ಸಿಕ್ಕಾಗ ಕಪ್ಪು ಟಾರ್ಪಾಲು ಮುಚ್ಚಿ, ಒಳಗೆ ಕ್ಲೋರಿನ್ ತುಂಬಿ, ನಿರ್ಮೂಲವಾಯಿತೆಂದು ಹೇಳಲು 2006ರವರೆಗೆ ಕಾಯಬೇಕಾಯಿತು. ತೊಟ್ಟಿಯ ನೀರು, ಗಿಡ, ಬಸವನಹುಳುಗಳನ್ನು ಕೆರೆ ಕಾಲುವೆಗೆ ಸುರಿಯಬಾರದೆಂಬುದು ಇದಕ್ಕೇ.

ನಮ್ಮ ಜಿಲ್ಲೆಯ ನೀರಿಗೂ ಈ ವಿಚಾರ ಸಲ್ಲುತ್ತದೆ. ತುಂಗಭದ್ರಾ ಜಲಾಶಯದ ನೀರು ಕೆಲವು ವರ್ಷ ಹಸಿರಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಮಾನ್ವಿ, ರಾಯಚೂರು ತಾಲ್ಲೂಕುಗಳ ಅನೇಕ ಊರುಗಳು ಕಾಲುವೆಯಿಂದ ತುಂಬಿಸಿಕೊಂಡ ಕೆರೆಯ ನೀರನ್ನೇ ಕುಡಿಯುತ್ತವೆ. ಹಸಿರು ಎಂದ ಕೂಡಲೇ ಹೆದರಬೇಕಾಗಿಲ್ಲ, ಹಸಿರು ತಾನೇ ಎಂದು ಸುಮ್ಮನಿರುವಂತೆಯೂ ಇಲ್ಲ. ನೀಲಿ-ಹಸಿರು ಕುಲದ ಕೆಲವು ಜೀವಿಗಳು ಭತ್ತದ ಗದ್ದೆಯಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಬೆಳೆಗೆ ಕೊಡುತ್ತವೆ. ಅವನ್ನು ಗೊಬ್ಬರವೆಂದೇ ಬೆಳೆಸುತ್ತಾರೆ. ಅದೇ ಕುಲದ ಬೇರೆ ಕೆಲವು ವಿಷ ಕಾರುತ್ತವೆ. ಆಸ್ಟ್ರೇಲಿಯದ ಒಂದು ಸರೋವರದ ಇಂಥ ನೀರು ಕುಡಿದು ಕುರಿ, ದನ, ಕುದುರೆಗಳು ಸತ್ತದ್ದು 1878ರಷ್ಟು ಹಿಂದೆಯೇ ವರದಿಯಾಗಿದೆ. ಈ ವಿಷ ನೀರು ಕುದಿಸಿದರೆ ಹೋಗುವುದಿಲ್ಲ ಎಂಬುದನ್ನು ಗೃಹಿಣಿಯರು ಮುಖ್ಯವಾಗಿ ಗಮನಿಸಬೇಕು.

ಊರ ಕೆರೆಯ ಪಾಚಿ ಯಾವ ಕುಲದ್ದೆಂದು ವಿದ್ಯಾರ್ಥಿಗಳು ಮೊದಲ ಹಂತದಲ್ಲಿ ತಾವೇ ನೋಡಬಹುದು. ಉದ್ದನೆಯ ಒಂದು ಕಟ್ಟಿಗೆ, ಮುಚ್ಚಳವಿರುವ ಒಂದು ಗಾಜಿನ ಸೀಸೆ, ಕೈಗೆ ರಬ್ಬರಿನ ಚೀಲ ಸಾಕು. ಕಟ್ಟಿಗೆಯಿಂದ ಪಾಚಿಯನ್ನು ಎತ್ತಿ ನೋಡಿ. ಕೂದಲಿನಂತೆ ಎಳೆಎಳೆಯಾಗಿ ಜೋತುಬಿದ್ದರೆ ಹಸಿರು ಪಾಚಿ. ಎಳೆಯಿಲ್ಲದೆ ಬಣ್ಣದಲ್ಲಿ ಅದ್ದಿ ತೆಗೆದಂತೆ ಕಟ್ಟಿಗೆಗೆ ಮೆತ್ತಿಕೊಂಡರೆ ಸಂಶಯಪಡಬೇಕು. ಸೀಸೆಯಲ್ಲಿ ಮುಕ್ಕಾಲು ನೀರು ತುಂಬಿ ಅಲುಗಾಡಿಸದೆ ಒಂದು ರಾತ್ರಿ ತಂಪಿನಲ್ಲಿಡಿ. ಬೆಳಿಗ್ಗೆ ಹಸಿರು ತಳಕ್ಕೆ ಕುಳಿತಿದ್ದರೆ ಬಹುಮಟ್ಟಿಗೆ ಚಿಂತೆಯಿಲ್ಲ. ಮೇಲೆ ತೇಲಿ ಬಳೆಯಂತೆ ನಿಂತಿದ್ದರೆ ಆ ನೀರಿಗೆ ದನಗಳನ್ನು ಬಿಡದೆ, ಸೀಸೆಯನ್ನು ಶಾಲೆಯ ವಿಜ್ಞಾನ ಶಿಕ್ಷಕರ ಮೇಜಿನ ಮೇಲಿಟ್ಟು, ಪಂಚಾಯಿತಿಗೂ ಆರೋಗ್ಯ ಕೇಂದ್ರಕ್ಕೂ ತಿಳಿಸಿ. ಸೀಸೆಯ ಮೇಲೆ ಕೆರೆಯ ಹೆಸರು, ತಾರೀಖು, ಹೊತ್ತು ಬರೆದು ಅಂಟಿಸುವುದನ್ನು ಮರೆಯಬೇಡಿ.